ಹ್ನೆಫಟಾಫ್ಲ್: ನಿಯಮ ಕಳೆದುಕೊಂಡ ವೈಕಿಂಗರ ಮಣೆಯಾಟ

ಚದುರಂಗದಲ್ಲಿ ಇಬ್ಬರೂ ಸಮಬಲದಿಂದ ಆಟ ಆರಂಭಿಸುತ್ತಾರೆ. ವೈಕಿಂಗ್ ಕಾಲದ (ಸುಮಾರು 8ರಿಂದ 11ನೇ ಶತಮಾನ) ಉತ್ತರ ಯುರೋಪಿನಲ್ಲಿ ಜನರ ಮೆಚ್ಚಿನದಾಗಿದ್ದ ಹ್ನೆಫಟಾಫ್ಲ್ ಹಾಗಲ್ಲ. ಮಣೆಯ ನಟ್ಟನಡುವೆ ರಾಜನೂ ಅವನ ಕಾವಲಿನವರೂ ಇರುತ್ತಾರೆ. ಆ ಕಾವಲಿನವರ ಇಮ್ಮಡಿ ಸಂಖ್ಯೆಯ ವೈರಿಗಳು ನಾಲ್ಕೂ ದಿಕ್ಕಿನಿಂದ ಮುತ್ತಿರುತ್ತಾರೆ.

ಸ್ವೀಡನ್ನಿನ ಬಿರ್ಕಾದ ಸಮಾಧಿಗಳಲ್ಲಿ ಗಾಜಿನ ಕಾಯಿಗಳು ಸಿಕ್ಕಿವೆ. ಐರ್ಲೆಂಡಿನ ಬ್ಯಾಲಿಂಡೆರಿಯಲ್ಲಿ 1932ರಲ್ಲಿ ದೊರೆತ 10ನೇ ಶತಮಾನದ ಮರದ ಮಣೆಯಲ್ಲಿ ಏಳು ಸಾಲು, ಸಾಲಿಗೆ ಏಳು ತೂತುಗಳಿವೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ಒಡೆಯ ರಾಗ್ನ್‌ವಾಲ್ಡ್ ತನಗೆ ಬರುವ ಒಂಬತ್ತು ವಿದ್ಯೆಗಳನ್ನು ಪದ್ಯದಲ್ಲಿ ಎಣಿಸುವಾಗ ಮಣೆಯಾಟವನ್ನೇ ಮೊದಲು ಹೇಳಿದ. ಇಷ್ಟು ಹೆಸರಾಗಿದ್ದ ಆಟದ ಸಂಪೂರ್ಣ ನಿಯಮಗಳು ಆ ಕಾಲದ ಯಾವ ಬರಹದಲ್ಲೂ ಉಳಿದಿಲ್ಲ. ಭಾರತದಲ್ಲಿ ಹುಟ್ಟಿ ಪರ್ಷಿಯಾ ಮತ್ತು ಅರಬ್ ನಾಡುಗಳನ್ನು ದಾಟಿ ಬಂದ ಚದುರಂಗ, ಮಧ್ಯಯುಗದಲ್ಲಿ ಅದರ ಜಾಗವನ್ನು ಹಿಡಿಯಿತು.

ನಿಯಮಗಳು ನಮಗೆ ಸಿಕ್ಕಿದ್ದು ಒಬ್ಬ ಸಸ್ಯವಿಜ್ಞಾನಿಯ ದಿನಚರಿಯಿಂದ. 1732ರಲ್ಲಿ ಉತ್ತರ ಸ್ಕ್ಯಾಂಡಿನೇವಿಯಾದ ಲ್ಯಾಪ್‌ಲ್ಯಾಂಡಿನಲ್ಲಿ ಸುತ್ತಾಡುತ್ತಿದ್ದ 25 ವರ್ಷದ ಕಾರ್ಲ್ ಲಿನೇಯಸ್, ಅಲ್ಲಿನ ಸಾಮಿ ಜನ ಆಡುತ್ತಿದ್ದ ಇದೇ ಕುಲದ ಟಾಬ್ಲುಟ್ ಆಟವನ್ನು ಗಿಡಮೂಲಿಕೆಗಳ ಟಿಪ್ಪಣಿಗಳ ನಡುವೆಯೇ ಬರೆದಿಟ್ಟ. ಮಣೆ 9×9 ಮನೆಗಳದು. ರಾಜನ ಕಡೆ ಎಂಟು ಸ್ವೀಡನ್ನರು, ಎದುರಿಗೆ ಹದಿನಾರು ಮಸ್ಕೋವಿಯರು, ಅಂದರೆ ರಷ್ಯನ್ನರು. ಯಾವ ಕಾಯಿಯಾದರೂ ಅಡ್ಡಕ್ಕೋ ಉದ್ದಕ್ಕೋ ನೇರವಾಗಿ ಬೇಕಾದಷ್ಟು ಮನೆ ನಡೆಯಬಹುದು, ಇನ್ನೊಂದನ್ನು ಹಾರುವಂತಿಲ್ಲ. ವೈರಿಯ ಎರಡು ಕಾಯಿಗಳ ನಡುವೆ ಸಿಕ್ಕಿದ ಕಾಯಿ ಮಣೆಯಿಂದ ಹೊರಗೆ. ರಾಜ ಅಂಚು ಮುಟ್ಟಿದರೆ ಅವನ ಕಡೆಗೆ ಗೆಲುವು. ಅಂಚಿಗೆ ಒಂದು ದಾರಿ ತೆರೆದಾಗ 'ರೈಚಿ' ಎಂದೂ, ಎರಡು ತೆರೆದಾಗ 'ತುಯಿಚು' ಎಂದೂ ಕೂಗಿ ಎಚ್ಚರಿಸಬೇಕಿತ್ತು. ಎರಡು ದಾರಿಗಳನ್ನು ಒಂದೇ ನಡೆಯಲ್ಲಿ ಮುಚ್ಚುವುದು ಬಹಳ ಕಷ್ಟ.

ಮುಂದಿನ ಸಂಗತಿ ನನ್ನನ್ನು ಹೆಚ್ಚು ಕಾಡಿದೆ. ನಡುವೆ ಸಿಕ್ಕಿದ ಕಾಯಿ ಸಾಯುತ್ತದೆ, 'ರಾಜನೂ ಸಹ' ಎಂದು ಲಿನೇಯಸ್‌ನ ಲ್ಯಾಟಿನ್ ಮೂಲದಲ್ಲಿದ್ದದ್ದು 1811ರಲ್ಲಿ ಅಚ್ಚಾದ ಇಂಗ್ಲಿಷ್ ಅನುವಾದದಲ್ಲಿ 'ರಾಜನ ಹೊರತು' ಎಂದಾಯಿತು. ಅದನ್ನೇ ನಂಬಿದವರು ರಾಜನನ್ನು ಹಿಡಿಯಲು ಎಲ್ಲೆಡೆಯೂ ನಾಲ್ಕು ಕಾಯಿಗಳು ಬೇಕೆಂದು ಆಡಿದಾಗ ಅವನ ಪಕ್ಷ ಮೇಲುಗೈ ಪಡೆಯುತ್ತಿತ್ತು. ಆ ಅಸಮತೋಲ ಸರಿಪಡಿಸಲು ಹೊಸ ಹೊಸ ನಿಯಮಗಳು ಹುಟ್ಟಿಕೊಂಡವು. ಮೂಲದ ಪ್ರಕಾರ ನಾಲ್ಕು ಕಾಯಿಗಳು ಬೇಕಾಗುವುದು ರಾಜ ಸಿಂಹಾಸನದ, ಅಂದರೆ ನಟ್ಟನಡುವಿನ ಮನೆಯ, ಮೇಲಿರುವಾಗ ಮಾತ್ರ. ಅದರ ಪಕ್ಕದ ಮನೆಯಲ್ಲಿದ್ದರೆ ಮೂರು ಸಾಕು. ಅಲ್ಲಿಂದಲೂ ಆಚೆ ಹೆಜ್ಜೆ ಇಟ್ಟ ರಾಜನನ್ನು ಎರಡೇ ಕಾಯಿಗಳು ಮುಗಿಸಬಲ್ಲವು.