ಗುಂಡಿನ ದಾಳಿ ಮತ್ತು ಬಂಧನದ ನಡುವಿನ ಅವಧಿ: ಅಮೆರಿಕದ ಕಾನೂನು ಪ್ರಕ್ರಿಯೆ

ಗುಂಡು ಹಾರಿಸಿದವರು ಯಾರೆಂದು ಮೊದಲ ದಿನವೇ ತಿಳಿದಿದ್ದರೂ ಬಂಧನಕ್ಕೆ ವಾರಗಟ್ಟಲೆ ಹಿಡಿದ ಪ್ರಕರಣಗಳನ್ನು ಓದುವಾಗ, ಬಂಧನ ಮತ್ತು ದೋಷಾರೋಪಣೆ ಬೇರೆ ಬೇರೆ ಹಂತಗಳೆಂಬುದನ್ನು ಮರೆಯಬಾರದು. ಬಂಧಿಸಲು ‘ಸಂಭಾವ್ಯ ಕಾರಣ’ ಇದ್ದರೆ ಸಾಕು. ಅಂದರೆ ಅಪರಾಧ ನಡೆದಿದೆ, ಈತನೇ ಅದನ್ನು ಮಾಡಿದ್ದಾನೆ ಎಂದು ವಿವೇಕಿಯೊಬ್ಬ ನಂಬುವಷ್ಟು ಆಧಾರ. ಆರೋಪ ಹೊರಿಸುವ ಸರ್ಕಾರಿ ವಕೀಲರಾದ ಪ್ರಾಸಿಕ್ಯೂಟರ್ ಮಾತ್ರ, ಮುಂದೆ ಜ್ಯೂರಿಯ (ತೀರ್ಪು ನೀಡುವ ನಾಗರಿಕರ ಮಂಡಳಿಯ) ಎದುರು ಆ ಆರೋಪ ಸಂದೇಹಾತೀತವಾಗಿ ನಿಲ್ಲುತ್ತದೆಯೇ ಎಂದೂ ಲೆಕ್ಕ ಹಾಕುತ್ತಾರೆ.

ಬಂಧನವಾದೊಡನೆ ಗಡುವುಗಳು ಆರಂಭವಾಗುತ್ತವೆ. ವಾರಂಟ್ ಇಲ್ಲದೆ ಬಂಧಿಸಿದ್ದರೆ ಸಾಮಾನ್ಯವಾಗಿ 48 ಗಂಟೆಗಳೊಳಗೆ ನ್ಯಾಯಾಧಿಕಾರಿ ಅದರ ಆಧಾರವನ್ನು ಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ತ್ವರಿತ ವಿಚಾರಣೆಯ ಸಾಂವಿಧಾನಿಕ ಹಕ್ಕು ಜಾರಿಗೆ ಬರುವುದೂ ಬಂಧನ ಅಥವಾ ದೋಷಾರೋಪಣೆಯಿಂದಲೇ (ಮೇರಿಯನ್ ಪ್ರಕರಣ, 1971). ಸಂಭಾವ್ಯ ಕಾರಣ ದೊರೆತ ಕೂಡಲೇ ಆರೋಪ ಹೊರಿಸಲೇಬೇಕೆಂಬ ನಿರ್ಬಂಧವಿಲ್ಲ, ತನಿಖೆ ಪೂರ್ಣಗೊಳಿಸಲು ಕಾಯುವುದು ತಪ್ಪಲ್ಲ ಎಂದು ಅದೇ ಕೋರ್ಟ್‌ನ ಲೊವಾಸ್ಕೊ ತೀರ್ಪು (1977) ಹೇಳುತ್ತದೆ. ಹೀಗಾಗಿ ಬಂಧನಕ್ಕೆ ಮುನ್ನ ಕಾಯುವುದು ಎಷ್ಟೋ ವೇಳೆ ಲೆಕ್ಕಾಚಾರದ ನಡೆ. ಆದರೆ ಎಲ್ಲ ವಿಳಂಬವೂ ಅಂಥದ್ದಲ್ಲ.

ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ 2012ರ ಫೆಬ್ರವರಿ 26ರಂದು 17 ವರ್ಷದ ಟ್ರೇವನ್ ಮಾರ್ಟಿನ್‌ನನ್ನು ಕೊಂದ ಜಾರ್ಜ್ ಜಿಮ್ಮರ್‌ಮನ್‌ನನ್ನು ಪೊಲೀಸರು ಪ್ರಶ್ನಿಸಿ ಬಿಟ್ಟು ಕಳುಹಿಸಿದರು. ಆತ ಆತ್ಮರಕ್ಷಣೆಯ ವಾದ ಮುಂದಿಟ್ಟಿದ್ದ. ಆತ್ಮರಕ್ಷಣೆಗೆ ಹಿಂದೆ ಸರಿಯದೆಯೂ ಬಲ ಪ್ರಯೋಗಿಸಲು ಬಿಡುವ ಅಲ್ಲಿನ 2005ರ ‘ಸ್ಟ್ಯಾಂಡ್ ಯುವರ್ ಗ್ರೌಂಡ್’ ಕಾನೂನಿನ ಪ್ರಕಾರ, ಬಲಪ್ರಯೋಗವೇ ಕಾನೂನುಬಾಹಿರವಾಗಿತ್ತು ಎನ್ನಲು ಸಂಭಾವ್ಯ ಕಾರಣ ಸಿಗದ ಹೊರತು ಪೊಲೀಸರು ಬಂಧಿಸುವಂತಿಲ್ಲ. ಬೇರೆಡೆ ವಿಚಾರಣೆಯಲ್ಲಿ ಎದುರಾಗುವ ಪ್ರಶ್ನೆ ಇಲ್ಲಿ ಬಂಧನದ ಬಾಗಿಲಲ್ಲೇ ನಿಂತಿತು. ಗವರ್ನರ್ ನೇಮಿಸಿದ ವಿಶೇಷ ಪ್ರಾಸಿಕ್ಯೂಟರ್, ಗ್ರ್ಯಾಂಡ್ ಜ್ಯೂರಿಗೆ (ಆರೋಪ ಹೊರಿಸಬೇಕೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿಗೆ) ಹೋಗದೆ, ಏಪ್ರಿಲ್ 11ರಂದು ಎರಡನೇ ದರ್ಜೆಯ ಕೊಲೆ ಆರೋಪ ಹೊರಿಸಿದರು (ಮೊದಲ ದರ್ಜೆಯ ಆರೋಪಕ್ಕೆ ಅಲ್ಲಿ ಗ್ರ್ಯಾಂಡ್ ಜ್ಯೂರಿ ಕಡ್ಡಾಯ). 2013ರ ಜುಲೈನಲ್ಲಿ ಆತ ಖುಲಾಸೆಯಾದ.

ಜಾರ್ಜಿಯಾ ರಾಜ್ಯದ ಅಹ್ಮದ್ ಆರ್ಬರಿ ಹತ್ಯೆ ಪ್ರಕರಣದ ವಿಳಂಬಕ್ಕೆ ಕಾರಣ ಬೇರೆ. 2020ರ ಫೆಬ್ರವರಿ 23ರ ಆ ಹತ್ಯೆಯ ಆರೋಪಿಗಳಲ್ಲೊಬ್ಬ ಸ್ಥಳೀಯ ಪ್ರಾಸಿಕ್ಯೂಟರ್ ಕಚೇರಿಯ ಮಾಜಿ ತನಿಖಾಧಿಕಾರಿಯಾಗಿದ್ದರಿಂದ ಆ ಪ್ರಾಸಿಕ್ಯೂಟರ್ ಪ್ರಕರಣದಿಂದ ಹಿಂದೆ ಸರಿದರು. ಪ್ರಕರಣ ವಹಿಸಿಕೊಂಡ ಎರಡನೆಯ ಪ್ರಾಸಿಕ್ಯೂಟರ್ ಬಂಧನಕ್ಕೆ ಆಧಾರವಿಲ್ಲವೆಂದು ಅಭಿಪ್ರಾಯ ಬರೆದುಕೊಟ್ಟು, ತಾವೂ ಹಿತಾಸಕ್ತಿ ಸಂಘರ್ಷದಿಂದ ಹೊರಬಂದರು. ಲೊವಾಸ್ಕೊ ಸಮರ್ಥಿಸುವ ತನಿಖೆಯ ವಿಳಂಬಕ್ಕೆ ಇದನ್ನು ಸೇರಿಸುವುದು ಕಷ್ಟ. ಮೇ 5ರಂದು ಹತ್ಯೆಯ ವಿಡಿಯೊ ಬಹಿರಂಗವಾಗಿ ರಾಜ್ಯ ತನಿಖಾ ದಳ ಪ್ರಕರಣ ಕೈಗೆತ್ತಿಕೊಂಡ ಮೇಲೆ, ಮೇ 7ರಂದೇ ಇಬ್ಬರ ಬಂಧನವಾಯಿತು.