ಮಹಾವೃತ್ತ ದೂರ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ಹೊತ್ತು?

ಭೂಮಿಯ ಮೇಲಿನ ಎರಡು ಊರುಗಳ ನಡುವೆ, ಅದರ ದುಂಡಗಿನ ಮೇಲ್ಮೈಯನ್ನು ಅನುಸರಿಸಿ ಸಾಗುವ ಅತಿ ಹತ್ತಿರದ ಹಾದಿಯ ಉದ್ದಕ್ಕೆ ಮಹಾವೃತ್ತ ದೂರ ಎನ್ನುತ್ತಾರೆ. ಭೂಮಿಯ ಕೇಂದ್ರವೇ ತನ್ನ ಕೇಂದ್ರವೂ ಆಗಿದ್ದು, ಭೂಗೋಳವನ್ನು ಎರಡು ಸಮಭಾಗ ಮಾಡುವ ವೃತ್ತವೇ ಮಹಾವೃತ್ತ. ಸಮಭಾಜಕ ವೃತ್ತ ಅಂಥದ್ದು. ಉಳಿದ ಅಕ್ಷಾಂಶ ವೃತ್ತಗಳು ಅಂಥವಲ್ಲ.

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಗಳ ನಡುವಿನ ಈ ದೂರ ಸುಮಾರು 14,000 ಕಿಲೋಮೀಟರ್. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಮಕ್ಕಳನ್ನು ನೋಡಲು ಹೊರಡುವ ಕನ್ನಡಿಗರಿಗೆ ಈ ಮಾರ್ಗ ಚಿರಪರಿಚಿತ. ಗೋಡೆಯ ಭೂಪಟದಲ್ಲಿ ನೋಡಿದರೆ, ಪೂರ್ವಕ್ಕೆ ನೇರವಾಗಿ ಹೋಗಿ ಪೆಸಿಫಿಕ್ ಸಾಗರವನ್ನು ದಾಟುವುದೇ ಹತ್ತಿರದ ದಾರಿಯೆಂದು ತೋರುತ್ತದೆ. ಆದರೆ ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಹಾಗೆ ಸಾಗಿದರೆ 2,000 ಕಿಲೋಮೀಟರಿಗಿಂತ ಹೆಚ್ಚು ಸುತ್ತಾಗುತ್ತದೆ. ಗ್ಲೋಬಿನ ಮೇಲೆ ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದರೆ ಅದು ಹಿಮಾಲಯ ಹಾಗೂ ಸೈಬೀರಿಯಾಗಳನ್ನು ದಾಟಿ, ಆರ್ಕ್ಟಿಕ್ ವೃತ್ತದ ಒಳಹೊಕ್ಕು, ಅಲಾಸ್ಕಾದ ಕಡೆಯಿಂದ ಇಳಿದು ಬರುತ್ತದೆ. ಚಪ್ಪಟೆ ಭೂಪಟವು ಧ್ರುವಗಳ ಸಮೀಪದ ನೆಲವನ್ನು ಅತಿಯಾಗಿ ಹಿಗ್ಗಿಸಿ ತೋರಿಸುವುದರಿಂದಲೇ ಈ ಸತ್ಯ ಅಲ್ಲಿ ಮರೆಯಾಗುತ್ತದೆ.

ಹಾಗೆಂದು ವಿಮಾನ ಈ ಗೆರೆಯ ಮೇಲೆಯೇ ಹಾರುವುದಿಲ್ಲ. ಗಾಳಿ, ಎತ್ತರದ ಪರ್ವತಗಳು, ತುರ್ತಾಗಿ ಇಳಿಯಲು ದಾರಿಯಲ್ಲಿ ನಿಲ್ದಾಣಗಳಿವೆಯೇ ಎಂಬ ಎಚ್ಚರ, ಯಾವ ದೇಶದ ಆಕಾಶ ಯಾರಿಗೆ ಮುಕ್ತ ಎಂಬ ರಾಜಕೀಯ, ಇವೆಲ್ಲವೂ ಸೇರಿ ಆಯಾ ದಿನದ ಹಾದಿಯನ್ನು ನಿರ್ಧರಿಸುತ್ತವೆ. ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ಎರಡು ನಗರಗಳ ನಡುವೆ ನೇರ ಸೇವೆ ಆರಂಭಿಸಿದಾಗ, ಮಹಿಳಾ ಪೈಲಟ್‌ಗಳೇ ನಡೆಸಿದ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿತು. ಆ ಸಾಹಸ ಇಂದಿಗೂ ಮೆಚ್ಚುಗೆಗೆ ಅರ್ಹವಾದುದು.

ಪ್ರಯಾಣದ ಸಮಯವನ್ನು ಲೆಕ್ಕ ಹಾಕುವಾಗ ಹೆಚ್ಚಿನವರು ದೂರವನ್ನು ವೇಗದಿಂದ ಭಾಗಿಸುತ್ತಾರೆ. ಗಂಟೆಗೆ 900 ಕಿಲೋಮೀಟರ್ ಎಂದಿಟ್ಟುಕೊಂಡರೆ ಸುಮಾರು ಹದಿನೈದೂವರೆ ಗಂಟೆ ಎಂದು ಉತ್ತರ ಬರುತ್ತದೆ. ಇದು ಅಂದಾಜು ಮಾತ್ರ. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಪ್ರಬಲ ಗಾಳಿ ಬೀಸುತ್ತಿರುತ್ತದೆ. ಅದರ ವೇಗ ಕೆಲವೊಮ್ಮೆ ಗಂಟೆಗೆ 200 ಕಿಲೋಮೀಟರನ್ನೂ ಮೀರುತ್ತದೆ. ಅದನ್ನು ಬೆನ್ನಿಗೆ ಪಡೆದು ಪೂರ್ವಕ್ಕೆ ಹಾರುವ ವಿಮಾನ ಬೇಗ ತಲುಪುತ್ತದೆ, ಎದುರಿಸಿ ಬರುವುದು ತಡವಾಗುತ್ತದೆ. ಇನ್ನು ವೇಳಾಪಟ್ಟಿಯಲ್ಲಿ ಕಾಣುವ ಅವಧಿ ಬರಿಯ ಹಾರಾಟದ ಹೊತ್ತಲ್ಲ. ವಿಮಾನ ತನ್ನ ನಿಲುಗಡೆಯ ಸ್ಥಳದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ನಿಲುಗಡೆಗೆ ಬಂದು ನಿಲ್ಲುವವರೆಗಿನ ಈ ಅವಧಿಯನ್ನು ವಿಮಾನಯಾನದವರು ಬ್ಲಾಕ್ ಟೈಮ್ ಎನ್ನುತ್ತಾರೆ; ರನ್‌ವೇಗೆ ಸಾಗುವ ಮತ್ತು ಸರದಿಗಾಗಿ ಕಾಯುವ ನಿಮಿಷಗಳೂ ಅದರಲ್ಲಿ ಸೇರಿರುತ್ತವೆ.

ಟಿಕೆಟ್ಟಿನಲ್ಲಿ ಮುದ್ರಿತವಾಗುವ ವೇಳೆಗಳು ಆಯಾ ಊರಿನ ಗಡಿಯಾರದವು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಭಾರತಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿ ಗಡಿಯಾರವನ್ನು ಮುಂದಿಡುವುದರಿಂದ ಈ ಅಂತರ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ. ಜನವರಿಯಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2 ಗಂಟೆಗೆ ಹೊರಟು 16 ಗಂಟೆ ಪ್ರಯಾಣಿಸಿದವರು ಅಲ್ಲಿ ಇಳಿಯುವುದು ಅದೇ ದಿನ ಸಂಜೆ ನಾಲ್ಕೂವರೆಗೆ. ಮೇಲೆ ಹೇಳಿದ ಮೊದಲ ವಿಮಾನವಾದರೋ ಜನವರಿ 9ರ ರಾತ್ರಿ ಹೊರಟು, ಸುಮಾರು 17 ಗಂಟೆ ಹಾರಿ, 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು.