ಹೆಚಿನ್ಸ್ ಸೈಕಲ್ಲಿನ ಹಿಂದಿನ ಪೈಪು ಯಾಕೆ ಡೊಂಕು?

ಪ್ರಶ್ನೆ: ಹಳೇ ರೇಸ್ ಸೈಕಲ್‌ಗಳ ಫೋಟೋ ನೋಡುವಾಗ ಹೆಚಿನ್ಸ್ ಅನ್ನೋ ಸೈಕಲ್ ಕಣ್ಣಿಗೆ ಬಿತ್ತು. ಹಿಂದಿನ ಚಕ್ರದ ಎರಡೂ ಪಕ್ಕದ ಪೈಪುಗಳು ಹಾವಿನ ಹಾಗೆ ಬಳುಕಿವೆ. ಇದರಿಂದ ಏನಾದ್ರೂ ಉಪಯೋಗ ಇತ್ತಾ, ಇಲ್ಲ ಸುಮ್ನೆ ಚಂದಕ್ಕಾ?

ಉತ್ತರ: ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ. ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ಹೈಮನ್ ಹೆಚಿನ್ ಅನ್ನುವವರ ಅಂಗಡಿ ಇತ್ತು. ರಷ್ಯಾ ಬಿಟ್ಟು ಬಂದ ಯಹೂದಿ ಅವರು. ಮೊದಲು ಗ್ರಾಮಫೋನು, ರೆಕಾರ್ಡು ಮಾರುತ್ತಿದ್ದರು, ಆಮೇಲೆ ಸೈಕಲ್‌ಗೆ ಕೈ ಹಾಕಿದರು. ಬಳುಕಿದ ಪೈಪು ಬಂದಿದ್ದು 1930ರ ದಶಕದ ನಡುವೆ.

ಅಂಗಡಿಯವರು ಹೇಳುತ್ತಿದ್ದ ಕಾರಣ, ಡೊಂಕು ಪೈಪು ರಸ್ತೆಯ ಅದುರನ್ನು ನುಂಗುತ್ತದೆ ಅಂತ. ಇದರಲ್ಲಿ ಸ್ವಲ್ಪ ನಿಜ ಇದೆ. ನೇರ ಪೈಪಿಗಿಂತ ಬಾಗಿದ ಪೈಪು ಕೊಂಚ ಜಾಸ್ತಿ ಮಣಿಯುತ್ತದೆ. ಆದರೆ ಟೈರಿನ ಗಾಳಿ ಮಾಡುವ ಕೆಲಸದ ಮುಂದೆ ಅದು ಬಹಳ ಕಡಿಮೆ.

ನನಗೆ ಹೆಚ್ಚು ಒಪ್ಪಿಗೆಯಾಗುವ ಕಾರಣ ಬೇರೆ. ಆಗ ಬ್ರಿಟನ್ನಿನಲ್ಲಿ ಅಮೆಚೂರ್ ರೇಸ್ ನಿಯಮ ಬಲು ಬಿಗಿ. ಸವಾರ ಕಂಪನಿಗೆ ಜಾಹೀರಾತು ಆಗಬಾರದು, ಫೋಟೋದಲ್ಲಿ ಹೆಸರು ಕಾಣಬಾರದು. ಹೆಸರು ಅಳಿಸಬಹುದು, ಪೈಪಿನ ಆಕಾರ ಅಳಿಸೋಕಾಗುತ್ತಾ? ಬೇಟ್ಸ್ ಅನ್ನೋ ಇನ್ನೊಂದು ಸೈಕಲ್ ಕಂಪನಿಯವರು ಮುಂದಿನ ಫೋರ್ಕನ್ನೇ ವಿಚಿತ್ರವಾಗಿ ಬಗ್ಗಿಸಿದರು. ಬೇನ್ಸ್ ಅನ್ನೋ ಮತ್ತೊಂದು ಕಂಪನಿಯ ಫ್ರೇಮಿಗೆ ‘ಹಾರುವ ಗೇಟ್’ ಅಂತಲೇ ಅಡ್ಡಹೆಸರು ಬಿತ್ತು. ದೂರದಿಂದಲೇ ಗುರುತು ಹತ್ತಬೇಕಿತ್ತು, ಅಷ್ಟೇ.

ಆದರೆ ಹೆಚಿನ್ಸ್ ಫೋಟೋ ಮತ್ತೆ ಸಿಕ್ಕರೆ ಡೊಂಕು ಪೈಪು ಬಿಟ್ಟು ಲಗ್ ನೋಡಿ. ಪೈಪುಗಳು ಒಂದಕ್ಕೊಂದು ಸೇರುವ ಕಡೆ ಹೊರಗಿಂದ ಕೂರುವ ಉಕ್ಕಿನ ತೊಡುಗೆ ಅದು. ಮನೆಯಲ್ಲಿ ಹಳೇ ಕರಿ ಸೈಕಲ್ ಇದ್ದರೆ ಹ್ಯಾಂಡಲ್ ಕೆಳಗೆ ಬೆರಳಾಡಿಸಿ, ಲಗ್ಗಿನ ದಪ್ಪ ಅಂಚು ಕೈಗೆ ಸಿಗುತ್ತದೆ. ಹೆಚಿನ್ಸ್‌ನಲ್ಲಿ ಆ ಅಂಚು ಬಳ್ಳಿಯ ಕುಡಿಯ ಹಾಗೆ ಪೈಪಿನ ಮೇಲೆ ಹಬ್ಬಿರುತ್ತದೆ. ನಡುನಡುವೆ ಕಿಂಡಿ, ತುದಿಗೆ ಚೂಪು ಮೊನೆ. ಎಲ್ಲ ಗರಗಸ ಮತ್ತು ಅರ ಹಿಡಿದು ಕೈಯಲ್ಲೇ ಕೊರೆದಿದ್ದು.

ಕೊರೆದ ಮೇಲೆ ಇನ್ನೂ ಕಷ್ಟ. ಕರಗಿದ ಹಿತ್ತಾಳೆ ಲಗ್ಗಿನ ಸಂದಿಗೆಲ್ಲ ಹರಿಯಬೇಕು, ಒಂದು ಕುಡಿಯೂ ಖಾಲಿ ಉಳಿಯಬಾರದು. ಇಂಥ ಫ್ರೇಮಿಗೆ ಬಳಸುತ್ತಿದ್ದ, 1935ರಲ್ಲಿ ಬಂದ ‘ರೆನಾಲ್ಡ್ಸ್ 531’ ಅನ್ನೋ ಉಕ್ಕಿನ ಪೈಪಿನ ಗೋಡೆ ತುಂಬಾ ತೆಳು. ಬೆಂಕಿ ಜಾಸ್ತಿಯಾದರೆ ಉಕ್ಕಿನ ಕಸುವೇ ಹೋಗುತ್ತದೆ. ಕಡಿಮೆಯಾದರೆ ಬೆಸುಗೆ ಹಿಡಿಯುವುದಿಲ್ಲ.

ಈ ಕೈ ಹೆಚಿನ್ ಅವರದಲ್ಲ, ಅವರು ವ್ಯಾಪಾರಿ. ಫ್ರೇಮ್ ಕಟ್ಟುತ್ತಿದ್ದವರು ಜ್ಯಾಕ್ ಡೆನ್ನಿ. ಹೈಮನ್ ತೀರಿಕೊಂಡ ಮೇಲೆ ಮಗ ಆಲ್ಫ್ ಅಂಗಡಿ ನಡೆಸಿದರು, ಆಗಲೂ ಡೆನ್ನಿ ಫ್ರೇಮ್ ಕಟ್ಟುತ್ತಲೇ ಇದ್ದರು. ‘ಮ್ಯಾಗ್ನಮ್ ಓಪಸ್’, ‘ನುಲ್ಲಿ ಸೆಕುಂಡಸ್’ ಅಂತ ಕೆಲವು ಮಾಡೆಲ್‌ಗಳಿಗೆ ಗತ್ತಿನ ಲ್ಯಾಟಿನ್ ಹೆಸರು. ಪೈಪಿನ ಮೇಲೆ ದೊಡ್ಡದಾಗಿ ಹೆಚಿನ್ಸ್. ಡೆನ್ನಿ ಹೆಸರು ಮಾತ್ರ ಇಲ್ಲ, ನನಗೆ ಬೇಜಾರಾಗುವುದು ಇದೊಂದೇ.

ಅಂದ ಹಾಗೆ, ಡೊಂಕು ಬೇಡ ಅಂದವರಿಗೆ ನೇರ ಪೈಪಿನ ಹೆಚಿನ್ಸ್ ಕೂಡ ಕಟ್ಟಿಕೊಡುತ್ತಿದ್ದರು. ಹಾಗಾಗಿ ನೇರ ಪೈಪು ಕಂಡ ತಕ್ಷಣ ನಕಲಿ ಅಂತ ತಳ್ಳಿಬಿಡಬೇಡಿ, ಲಗ್ಗಿನ ಅಂಚು ನೋಡಿ.